ಗುಳಿಗೆ ಶುರುವಾಗಿ ಮೂರು ತಿಂಗಳು, ಕೂದಲು ನಾಟಿ ಯಾವಾಗ?

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕೂದಲಿನ ಬಗ್ಗೆ ಮಾತಾಡಲು ಈ ಸೀಮೆಯಲ್ಲಿ ಭಾಗ್ಯನಗರಕ್ಕಿಂತ ಒಳ್ಳೆ ಜಾಗ ಇಲ್ಲ. ಊರೂರು ತಿರುಗಿ, ಬಾಚಣಿಗೆಯಲ್ಲಿ ಉಳಿದ ಕೂದಲು ಕೊಂಡು ತರುವವರ ಮಾಲು ಇಲ್ಲಿಗೆ ಬರುತ್ತದೆ. ಅದರ ಗಂಟು ಬಿಡಿಸಿ, ತೊಳೆದು, ಉದ್ದದ ಪ್ರಕಾರ ಬೇರೆ ಮಾಡಿ ಹೊರದೇಶಕ್ಕೆ ಕಳಿಸುವವರು ನಿಮ್ಮ ನಡುವೆಯೇ ಇದ್ದೀರಿ. ಸಭೆಗೆ ಬರುವ ಮುಂಚೆ ನಾನು ಒಂದು ಮನೆಯ ಕಟ್ಟೆಯ ಮೇಲೆ ಹತ್ತು ನಿಮಿಷ ಕೂತಿದ್ದೆ. ಅಲ್ಲೊಬ್ಬ ಅಕ್ಕ ಮಡಿಲಲ್ಲಿ ಕೂದಲ ಉಂಡೆ ಇಟ್ಟುಕೊಂಡು, ಸೂಜಿಯಿಂದ ಎಳೆ ಎಳೆ ಬಿಡಿಸುತ್ತಿದ್ದರು. "ಇದರಾಗ ಬುಡ ಯಾವುದು, ತುದಿ ಯಾವುದು ಹೆಂಗ ಗೊತ್ತಾಗ್ತದಕ್ಕಾ?" ಅಂತ ಕೇಳಿದೆ. ಅವರು ಒಂದು ಎಳೆ ನನ್ನ ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು "ತಿಕ್ಕಿ ನೋಡ್ರಿ ಸರ" ಅಂದರು. ತಿಕ್ಕಿದೆ. ಕೂದಲು ತಾನಾಗಿಯೇ ಒಂದು ಕಡೆಗೆ ಜರುಗಿತು. "ಆ ಕಡೀನ ಬುಡ" ಅಂದರು. ಕೂದಲಿನ ಮೈಮೇಲೆ ಮೀನಿನ ಮೈಮೇಲಿದ್ದ ಹಾಗೆ ಸಣ್ಣ ಪದರಗಳು ಇರುತ್ತವೆ. ಅವೆಲ್ಲ ತುದಿಯ ಕಡೆ ಮುಖ ಮಾಡಿರುತ್ತವೆ. ಹಾಗಾಗಿ ತಿಕ್ಕಿದರೆ ಎಳೆ ಬುಡದ ಕಡೆಗೇ ಸರಿಯುತ್ತದೆ. ನಾನು ಇದನ್ನು ಪುಸ್ತಕದಲ್ಲಿ ಓದಿ ಕಲಿತವನು. ಆ ಅಕ್ಕನಿಗೆ ಬೆರಳಿಗೇ ಗೊತ್ತು.

ಆ ಉಂಡೆಯಲ್ಲಿದ್ದ ಕೂದಲೆಲ್ಲ ಉದ್ದ, ದಪ್ಪ. ಅಂದರೆ ತನ್ನ ಕಾಲ ಮುಗಿಸಿ ಉದುರಿದ ಕೂದಲು. ನಮ್ಮ ತಲೆಯ ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಸುಮಾರು 3 ತಿಂಗಳು ಸುಮ್ಮನಿದ್ದು ಉದುರುತ್ತದೆ. ಅದೇ ಬುಡದಿಂದ ಮತ್ತೊಂದು ಬರುತ್ತದೆ. ತಲೆಯಲ್ಲಿ ಒಂದು ಲಕ್ಷದಷ್ಟು ಕೂದಲಿರುವಾಗ ದಿನಕ್ಕೆ 50ರಿಂದ 100 ಉದುರುವುದು ಸಹಜ. ಬಚ್ಚಲಲ್ಲಿ ಕಂಡ ಉದ್ದ ಕೂದಲು ನೋಡಿ ಹೆದರಬೇಡಿ. ಹೆದರಬೇಕಾದ್ದು ಬಾಚಣಿಗೆಗೂ ಸಿಗದ, ನೂಲಿನಂಥ, ಗಿಡ್ಡ ಕೂದಲಿಗೆ. ಗಂಡಸರ ಬೋಳು ಶುರುವಾಗುವುದು ಹೀಗೆ. ಬುಡ ಒಂದೇ ಸಲ ಸಾಯುವುದಿಲ್ಲ. ಪ್ರತಿ ಸುತ್ತಿಗೂ ಕೂದಲು ಸ್ವಲ್ಪ ಸಣ್ಣ, ಸ್ವಲ್ಪ ಗಿಡ್ಡ ಆಗುತ್ತಾ ಹೋಗುತ್ತದೆ. ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಒಂದು ಜಾಗದ ಸುಮಾರು ಅರ್ಧ ಕೂದಲು ಹೋಗುವವರೆಗೂ ಕನ್ನಡಿಯಲ್ಲಿ ಗೊತ್ತಾಗುವುದೇ ಕಷ್ಟ. ಹಾಗಾಗಿ "ಈಗಷ್ಟೇ ಶುರುವಾಗಿದೆ" ಅಂತ ಬರುವ ಹುಡುಗನಿಗೆ ನಿಜವಾಗಿ ಅದು ಶುರುವಾಗಿ ಬಹಳ ದಿನ ಆಗಿರುತ್ತದೆ.

ನಾನು ಚರ್ಮದ ಡಾಕ್ಟರ್. ನನ್ನ ಹತ್ತಿರ ವಾರಕ್ಕೆ ಎರಡು ಮೂರು ಸಲವಾದರೂ ಬರುವ ಒಂದು ಪ್ರಶ್ನೆ ಇದೆ. ಈ ಮಾತಿಗೆ ಕಾರಣವೇ ಅದು. ಕಾರಟಗಿ ಕಡೆಯ ಒಬ್ಬ ಹುಡುಗ ಹೋದ ತಿಂಗಳು ಬಂದಿದ್ದ. ವಯಸ್ಸು 26. ಮನೆಯಲ್ಲಿ ಗದ್ದೆ, ಜೊತೆಗೆ ಒಂದು ಗೊಬ್ಬರದ ಅಂಗಡಿ. "ಸರ, ಗುಳಿಗಿ ತಗೊಳ್ಳಾಕ ಹತ್ತಿ ಮೂರು ತಿಂಗಳಾತ್ರೀ. ಎಣ್ಣಿನೂ ಹಚ್ಚಾಕ ಹತ್ತೀನಿ. ಮೊದಲಿನಕಿಂತ ಜಾಸ್ತಿ ಉದುರಾಕತ್ತಾವು. ಸುಮ್ನ ಕೂದಲಾ ಹಚ್ಚಿಸಿಕೊಂಡು ಬಿಡ್ಲೇನ್ರೀ?"

ಅವನು ಹಚ್ಚಿಸಿಕೊಳ್ಳುವುದು ಅಂದಿದ್ದು ಕೂದಲು ನಾಟಿಗೆ, ಅಂದರೆ ಹೇರ್ ಟ್ರಾನ್ಸ್‌ಪ್ಲಾಂಟ್‌ಗೆ. ಎಣ್ಣೆ ಅಂದಿದ್ದು ಮಿನಾಕ್ಸಿಡಿಲ್ ದ್ರಾವಣಕ್ಕೆ. ಗುಳಿಗೆ ಅಂದಿದ್ದು ಫಿನಾಸ್ಟರೈಡ್ 1 ಮಿಲಿಗ್ರಾಂಗೆ. ಇವೆರಡು ಏನು ಮಾಡುತ್ತವೆ ಅಂತ ಗೊತ್ತಾದರೆ ಅವನ ಪ್ರಶ್ನೆಗೆ ಉತ್ತರ ಅರ್ಧ ಸಿಕ್ಕ ಹಾಗೆ.

ಫಿನಾಸ್ಟರೈಡ್‌ನ ಹಿಂದೆ ಒಂದು ಕತೆ ಇದೆ. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಒಂದು ವಿಷಯ ಬರೆದರು. ಹರೆಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ಬೋಳು ಬರುವುದಿಲ್ಲ. ಆದರೆ ಅವರಿಗೆ ಗಂಡು ಹಾರ್ಮೋನು ಕೊಟ್ಟರೆ, ಮನೆತನದಲ್ಲಿ ಬೋಳು ಇದ್ದವರಿಗೆ ಕೂದಲು ಉದುರಲು ಶುರುವಾಗುತ್ತದೆ. ಅಂದರೆ ಹಾರ್ಮೋನೂ ಬೇಕು, ಮನೆತನದ ಗುಣವೂ ಬೇಕು. ಆಮೇಲೆ 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಬಗ್ಗೆ ವರದಿ ಬಂತು. ಅಲ್ಲಿ ಕೆಲವು ಗಂಡುಮಕ್ಕಳ ಮೈಯಲ್ಲಿ ಟೆಸ್ಟೋಸ್ಟೆರಾನನ್ನು ಡಿಎಚ್‌ಟಿ ಅನ್ನುವ ಇನ್ನೂ ಜೋರಾದ ಹಾರ್ಮೋನಾಗಿ ಬದಲಿಸುವ ಕಿಣ್ವ ಹುಟ್ಟಿನಿಂದಲೇ ಸರಿಯಾಗಿ ಇರಲಿಲ್ಲ. ಅವರು ದೊಡ್ಡವರಾದ ಮೇಲೆ ಬೋಳಾಗಲಿಲ್ಲ. ಗಂಡಸರ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯೂ ಚಿಕ್ಕದಾಗಿಯೇ ಉಳಿಯಿತು. ಆ ಕಿಣ್ವವನ್ನು ತಡೆಯುವ ಔಷಧವೇ ಫಿನಾಸ್ಟರೈಡ್. ಅಮೆರಿಕದಲ್ಲಿ 1992ರಲ್ಲಿ ಪ್ರಾಸ್ಟೇಟ್‌ಗೆ 5 ಮಿಲಿಗ್ರಾಂ ಗುಳಿಗೆಯಾಗಿ, 1997ರಲ್ಲಿ ಕೂದಲಿಗೆ 1 ಮಿಲಿಗ್ರಾಂ ಗುಳಿಗೆಯಾಗಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಮಿನಾಕ್ಸಿಡಿಲ್‌ನ ದಾರಿ ಬೇರೆ. ಅದು ಬಿಪಿ ಗುಳಿಗೆಯಾಗಿ ಬಂದಿದ್ದು. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆಯುವುದು ನೋಡಿ, ತಲೆಗೆ ಹಚ್ಚುವ ದ್ರಾವಣ ಮಾಡಿದರು. 1988ರಲ್ಲಿ ಅದಕ್ಕೂ ಒಪ್ಪಿಗೆ ಸಿಕ್ಕಿತು. ಅದು ಹಾರ್ಮೋನಿನ ತಂಟೆಗೆ ಹೋಗುವುದಿಲ್ಲ. ಮಲಗಿದ ಬುಡಗಳನ್ನು ಬೇಗ ಎಬ್ಬಿಸುತ್ತದೆ. ಹೀಗೆ ಎಬ್ಬಿಸುವಾಗ ಹಳೆ ಕೂದಲನ್ನು ಹೊರಗೆ ತಳ್ಳುತ್ತದೆ. ಅದಕ್ಕೇ ಶುರು ಮಾಡಿದ 2ರಿಂದ 8 ವಾರದೊಳಗೆ ಬಹಳ ಜನರಿಗೆ ಉದುರುವುದು ಜಾಸ್ತಿ ಆಗುತ್ತದೆ. ಕಾರಟಗಿಯ ಹುಡುಗ ಹೇಳಿದ್ದು ಇದನ್ನೇ. ಔಷಧ ಹಿಡಿಯುತ್ತಿಲ್ಲ ಅಂತ ಅವನು ತಿಳಿದಿದ್ದ. ನಿಜವಾಗಿ ಹಿಡಿಯಲು ಶುರುವಾಗಿತ್ತು. ಹಳೆ ಕೂದಲು ಹೋಗಿದೆ, ಹೊಸದು ಇನ್ನೂ ಕಾಣುವಷ್ಟು ಬಂದಿಲ್ಲ. ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುವ ಕೂದಲು ಅದು. ಹಾಗಾಗಿ ಗುಳಿಗೆ ತಗೊಂಡವನಿಗೆ ಮೂರನೇ ತಿಂಗಳು ಬಹಳ ಕೆಟ್ಟ ತಿಂಗಳು. ಕನ್ನಡಿ ನೋಡಿದರೆ ಹೊಟ್ಟೆ ತೊಳಸುತ್ತದೆ. ಬಹಳ ಜನ ಕ್ಲಿನಿಕ್ಕಿಗೆ ಫೋನ್ ಮಾಡುವುದೂ ಅದೇ ತಿಂಗಳು.

ನನ್ನ ಮಾತು ಇಷ್ಟೇ. ಆ ತಿಂಗಳು ನಿರ್ಧಾರ ಮಾಡಬೇಡಿ. ಔಷಧಕ್ಕೆ ಒಂದು ವರ್ಷ ಕೊಡಿ. ಫಿನಾಸ್ಟರೈಡ್ ಉದುರುವುದನ್ನು ಹತೋಟಿಗೆ ತರಲು 3ರಿಂದ 6 ತಿಂಗಳು ಬೇಕು. ಕೂದಲು ದಪ್ಪ ಆದದ್ದು ಕಣ್ಣಿಗೆ ಕಾಣಲು 6ರಿಂದ 12 ತಿಂಗಳು ಬೇಕು. ಎರಡು ವರ್ಷ ನಡೆದ ಪರೀಕ್ಷೆಗಳಲ್ಲಿ ಗುಳಿಗೆ ತಗೊಂಡವರಲ್ಲಿ 100ಕ್ಕೆ 83 ಜನರ ಕೂದಲ ಎಣಿಕೆ ಇಳಿಯಲಿಲ್ಲ. ಔಷಧ ಇಲ್ಲದ ಬರೀ ಖಾಲಿ ಗುಳಿಗೆ ತಗೊಂಡವರಲ್ಲಿ ಹಾಗೆ ಉಳಿದದ್ದು 28 ಜನರಿಗೆ ಮಾತ್ರ. ನೆತ್ತಿಯ ಸುಳಿಯ ಜಾಗದಲ್ಲಿ ಔಷಧ ಚೆನ್ನಾಗಿ ಕೆಲಸ ಮಾಡುತ್ತದೆ. ಹಣೆಯ ಎರಡು ಮೂಲೆಯಲ್ಲಿ ಕಡಿಮೆ. ಹಾಗಾಗಿ ವರ್ಷ ಕಳೆಯುವ ಹೊತ್ತಿಗೆ ಸುಳಿಯ ಜಾಗಕ್ಕೆ ನಾಟಿ ಬೇಕೇ ಆಗದೆ ಇರಬಹುದು. ಆಗ ಇರುವ ಬೀಜವನ್ನೆಲ್ಲ ಮುಂದಲೆಗೆ ಇಡಬಹುದು.

ಬೀಜ ಅಂದೆ ಅಲ್ವಾ? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕೂದಲು ನಾಟಿಯಲ್ಲಿ ಹೊಸ ಕೂದಲು ಹುಟ್ಟುವುದಿಲ್ಲ. ಒಂದೂ ಹುಟ್ಟುವುದಿಲ್ಲ. ಹಿಂದಲೆಯಲ್ಲಿ ಇದ್ದದ್ದನ್ನು ಕಿತ್ತು ಮುಂದೆ ನೆಡುತ್ತಾರೆ, ಅಷ್ಟೇ. ನಮ್ಮ ಗಂಗಾವತಿ, ಸಿಂಧನೂರು ಕಡೆ ಭತ್ತದ ಸಸಿ ಮಡಿ ಮಾಡಿ, ಕಿತ್ತು, ಗದ್ದೆಗೆ ನಾಟಿ ಮಾಡುತ್ತೇವಲ್ಲ, ಹಾಗೆಯೇ. ಒಂದೇ ವ್ಯತ್ಯಾಸ ಅಂದರೆ ಈ ಮಡಿಗೆ ಮತ್ತೆ ಬೀಜ ಚೆಲ್ಲಲು ಬರುವುದಿಲ್ಲ. ಕಿತ್ತ ಜಾಗದಲ್ಲಿ ಮತ್ತೆ ಬರುವುದಿಲ್ಲ. ಕೂದಲು ಒಂದೊಂದಾಗಿ ಇರುವುದಿಲ್ಲ, ಒಂದರಿಂದ ನಾಲ್ಕು ಕೂದಲಿನ ಸಣ್ಣ ಗುಂಪಾಗಿ ಇರುತ್ತದೆ. ಅಂಥ ಒಂದು ಗುಂಪಿಗೆ ಗ್ರಾಫ್ಟ್ ಅನ್ನುತ್ತಾರೆ. ಜೀವಮಾನದಲ್ಲಿ ಹಿಂದಲೆಯಿಂದ ಕೆಡದ ಹಾಗೆ ತೆಗೆಯಬಹುದಾದದ್ದು ಬಹಳ ಜನರಿಗೆ 5 ಸಾವಿರ, 6 ಸಾವಿರ ಗ್ರಾಫ್ಟ್ ಆಸುಪಾಸು. ಪೂರ್ತಿ ಬೋಳಾಗುವ ತಲೆಯ ಜಾಗ ಸುಮಾರು 200 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಸೆಂಟಿಮೀಟರಿಗೆ 35 ನೆಟ್ಟರೂ 7 ಸಾವಿರ ಬೇಕು. ಲೆಕ್ಕ ಕೂಡುವುದಿಲ್ಲ. ಹಾಗಾಗಿ ಎಲ್ಲಿ ನೆಡಬೇಕು, ಎಲ್ಲಿ ಬಿಡಬೇಕು, ಮುಂದಿನ 20 ವರ್ಷಕ್ಕೆ ಎಷ್ಟು ಉಳಿಸಬೇಕು ಅನ್ನುವುದೇ ಈ ಕೆಲಸದ ಜೀವಾಳ. ಚಾಕು ಹಿಡಿಯುವ ಕೈಗಿಂತ ಈ ಲೆಕ್ಕ ಮುಖ್ಯ.

ಕಿತ್ತು ನೆಟ್ಟ ಕೂದಲು ಮುಂದಲೆಯಲ್ಲಿ ಯಾಕೆ ಉದುರುವುದಿಲ್ಲ? 1952ರಲ್ಲಿ ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ ಹಿಂದಲೆಯ ತುಂಡನ್ನು ಬೋಳು ಜಾಗಕ್ಕೆ ನೆಟ್ಟು ನೋಡಿದರು. 1959ರಲ್ಲಿ ಅದರ ಬಗ್ಗೆ ಬರೆದರು. ಕೂದಲು ಎಲ್ಲಿಗೆ ಹೋದರೂ ತಾನು ಬಂದ ಜಾಗದ ಗುಣ ಬಿಡುವುದಿಲ್ಲ ಅಂತ ಅವರು ತೋರಿಸಿದರು. ಹಿಂದಲೆಯ ಕೂದಲಿಗೆ ಡಿಎಚ್‌ಟಿ ಅಷ್ಟಾಗಿ ತಾಗುವುದಿಲ್ಲ, ಮುಂದೆ ತಂದು ನೆಟ್ಟರೂ ತಾಗುವುದಿಲ್ಲ. ಈ ಒಂದು ಮಾತನ್ನು ಅರ್ಧ ಕೇಳಿಸಿಕೊಂಡು ಎಷ್ಟೋ ಜನ ತಪ್ಪು ಮಾಡುತ್ತಾರೆ. "ನಾಟಿ ಮಾಡಿಸಿದರೆ ಪರ್ಮನೆಂಟ್, ಆಮೇಲೆ ಗುಳಿಗೆ ಬೇಡ" ಅಂತ ತಿಳಿಯುತ್ತಾರೆ. ನೆಟ್ಟದ್ದು ಉಳಿಯುತ್ತದೆ, ನಿಜ. ಅದರ ಅಕ್ಕಪಕ್ಕದಲ್ಲಿ, ಹಿಂದೆ ಇರುವ ನಿಮ್ಮ ಹಳೆ ಕೂದಲಿಗೆ ಯಾರ ರಕ್ಷಣೆ ಇದೆ? ಅದು ತನ್ನ ಪಾಡಿಗೆ ಉದುರುತ್ತಲೇ ಇರುತ್ತದೆ.

ನನ್ನ ಸ್ವಂತ ತಮ್ಮನ ವಿಷಯ ಹೇಳುತ್ತೇನೆ. ಅವನನ್ನು ಕೇಳಿ, ಒಪ್ಪಿಸಿಯೇ ಹೇಳುತ್ತಿದ್ದೇನೆ. ಅವನಿಗೆ ಆಗ 23. ಹಣೆಯ ಮೂಲೆ ಸ್ವಲ್ಪ ಹಿಂದೆ ಸರಿದಿತ್ತು. ಒಂದು ದೊಡ್ಡ ಊರಿನ ಕ್ಲಿನಿಕ್ಕಿಗೆ ಹೋದ. ಅಲ್ಲಿ ಅವನ ತಲೆಯನ್ನು ಐದು ನಿಮಿಷ ನೋಡಿದರು. ಅಪ್ಪನ ತಲೆ ಹೇಗಿದೆ, ಮಾವಂದಿರ ತಲೆ ಹೇಗಿದೆ ಅಂತ ಯಾರೂ ಕೇಳಲಿಲ್ಲ. ಗುಳಿಗೆ ತಗೊಂಡಿದ್ದೀಯಾ ಅಂತಲೂ ಕೇಳಲಿಲ್ಲ. ಪೆನ್ನಿನಿಂದ ಹಣೆ ಮೇಲೆ ಗೆರೆ ಎಳೆದರು. ಚಿಕ್ಕ ಹುಡುಗರಿಗೆ ಇರುವ ಹಾಗೆ ಕೆಳಗೆ, ನೆಟ್ಟಗೆ ಎಳೆದರು. 2,200 ಗ್ರಾಫ್ಟ್ ಅಲ್ಲಿಗೇ ಹೋಯಿತು. ಅವನು ನನಗೆ ಫೋನ್ ಮಾಡಿ "ಅಣ್ಣಾ, ಮಾಡಿಸ್ಲೇನು?" ಅಂತ ಕೇಳಿದ್ದ. ನಾನು ಆಗ ಹೌಸ್ ಸರ್ಜನ್, ಈ ವಿಷಯ ಓದಿರಲಿಲ್ಲ. "ಮಾಡಿಸು" ಅಂದೆ. ಒಂದು ವರ್ಷ ಬಹಳ ಚೆನ್ನಾಗಿ ಕಂಡ. 28 ಆಗುವ ಹೊತ್ತಿಗೆ ನೆಟ್ಟ ಸಾಲಿನ ಹಿಂದೆ ಇದ್ದದ್ದೆಲ್ಲ ತೆಳ್ಳಗಾಯಿತು. ಮುಂದೆ ಒಂದು ದಟ್ಟ ಪಟ್ಟಿ, ಹಿಂದೆ ಬಯಲು. ಹೊಲದ ಬದುವಿನಲ್ಲಿ ಮಾತ್ರ ಬೆಳೆ ಉಳಿದ ಹಾಗೆ ಕಾಣುತ್ತಿತ್ತು. ಬೋಳಿಗಿಂತ ಅದು ಅವನನ್ನು ಜಾಸ್ತಿ ನೋಯಿಸಿತು. ಬೋಳಾದವರು ಲೋಕದಲ್ಲಿ ಬಹಳ ಜನ ಇದ್ದಾರೆ, ಹಾಗೆ ಕಾಣುವವರು ಯಾರೂ ಇಲ್ಲ ಅನ್ನುತ್ತಿದ್ದ. ಗುಳಿಗೆ ಶುರು ಮಾಡಿಸಿದೆ. ಒಂದೂವರೆ ವರ್ಷಕ್ಕೆ ಉದುರುವುದು ನಿಂತಿತು. 31ಕ್ಕೆ ಎರಡನೇ ಸಲ ನಾಟಿ ಆಯಿತು, ಮಧ್ಯ ತುಂಬಿತು. ಸುಳಿಗೆ ಇಡಲು ಹಿಂದಲೆಯಲ್ಲಿ ಏನೂ ಉಳಿದಿರಲಿಲ್ಲ. ಇವತ್ತಿಗೂ ಅಲ್ಲಿ ಬಯಲೇ ಇದೆ. ಅವತ್ತು ಫೋನಿನಲ್ಲಿ "ಒಂದು ವರ್ಷ ತಡಿ" ಅಂತ ನಾನು ಹೇಳಿದ್ದರೆ ಹೀಗಾಗುತ್ತಿರಲಿಲ್ಲ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ತುಂಬಿದ ಡ್ಯಾಂ ಖಾಲಿಯಾಗುತ್ತಿತ್ತು. ಆ ವಾರ ಈ ಭಾಗದ ಯಾವ ರೈತನೂ ಎರಡನೇ ಬೆಳೆಯ ಮಾತು ಆಡಲಿಲ್ಲ. "ಮೊದಲು ನೀರು ನಿಲ್ಲಲಿ" ಅನ್ನುವುದೊಂದೇ ಮಾತು. ತಾತ್ಕಾಲಿಕ ಗೇಟು ಕೂರಿಸಿ ನೀರು ನಿಂತ ಮೇಲೆಯೇ ಎಷ್ಟು ಉಳಿದಿದೆ, ಯಾವ ಬೆಳೆಗೆ ಎಷ್ಟು, ಮಾನ್ವಿ, ರಾಯಚೂರಿನ ಕೊನೆ ಭಾಗಕ್ಕೆ ಮುಟ್ಟುತ್ತದಾ ಅನ್ನುವ ಲೆಕ್ಕ ಶುರುವಾಯಿತು. ಆ ಹುಡುಗನಿಗೆ ನಾನು ಇದನ್ನೇ ಹೇಳಿದೆ. ಗುಳಿಗೆ ಗೇಟು. ನಾಟಿ ಆಮೇಲಿನ ಕೆಲಸ. ಗದ್ದೆ ಮಾಡುವವನಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

ಕಾಯಲು ಇನ್ನೂ ಎರಡು ಕಾರಣ ಇವೆ, ಇವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಮೊದಲನೆಯದು, ಔಷಧ ನಿಮ್ಮ ಮೈಗೆ ಒಗ್ಗುತ್ತದಾ ಅನ್ನುವುದು ಗೊತ್ತಾಗಬೇಕು. ಫಿನಾಸ್ಟರೈಡ್ ತಗೊಂಡ ಕೆಲವರಿಗೆ ಲೈಂಗಿಕ ಆಸೆ ಕಡಿಮೆಯಾಗುವುದು, ನಿಮಿರುವಿಕೆ ಕಡಿಮೆಯಾಗುವುದು ಆಗುತ್ತದೆ. ಪರೀಕ್ಷೆಗಳಲ್ಲಿ ಇದು 100ಕ್ಕೆ 4 ಜನರಿಗಿಂತ ಕಡಿಮೆ ಇತ್ತು. ಖಾಲಿ ಗುಳಿಗೆ ತಗೊಂಡವರಲ್ಲೂ 100ಕ್ಕೆ 2ರಷ್ಟು ಇತ್ತು. ಬಿಟ್ಟರೆ ಬಹಳ ಜನರಿಗೆ ಸರಿಹೋಗುತ್ತದೆ. ಬಿಟ್ಟ ಮೇಲೂ ತೊಂದರೆ ಉಳಿಯಿತು ಅನ್ನುವವರು ಇದ್ದಾರೆ, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮನಸ್ಸು ಕುಗ್ಗುವುದು, ಬದುಕು ಬೇಡ ಅನ್ನಿಸುವುದು ಕೂಡ ವರದಿಯಾಗಿದೆ. ಹಾಗೇನಾದರೂ ಅನ್ನಿಸಿದರೆ ಗುಳಿಗೆ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ಹೇಳಿ, ಮನೆಯವರಿಗೂ ಹೇಳಿ. ನಾಚಿಕೆ ಬೇಡ. ಈಗ ಯೋಚನೆ ಮಾಡಿ. ಗುಳಿಗೆ ಶುರು ಮಾಡಿದ ಎರಡನೇ ತಿಂಗಳಿಗೆ ನಾಟಿ ಮಾಡಿಸಿಬಿಟ್ಟಿರಿ, ಐದನೇ ತಿಂಗಳಿಗೆ ಗುಳಿಗೆ ಒಗ್ಗಲಿಲ್ಲ ಅಂತ ಬಿಟ್ಟಿರಿ. ಆಗ ನನ್ನ ತಮ್ಮನ ಸ್ಥಿತಿಗೇ ಬರುತ್ತೀರಿ. ಔಷಧ ತಗೊಳ್ಳಲಾಗದವನ ನಾಟಿಯ ಲೆಕ್ಕವೇ ಬೇರೆ. ಅವನಿಗೆ ಗೆರೆ ಮೇಲೆ ಎಳೆಯಬೇಕು, ಕೈ ಬಿಗಿ ಹಿಡಿದು ಖರ್ಚು ಮಾಡಬೇಕು. ಅದು ಮೊದಲೇ ಗೊತ್ತಿರಬೇಕು.

ಎರಡನೆಯದು, ಗುಳಿಗೆ, ನಾಟಿ ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಚೆನ್ನಾಗಿ ಕಂಡರೆ "ನಾಟಿಯಿಂದ ಆಯಿತು" ಅಂದುಕೊಂಡು ಗುಳಿಗೆ ಬಿಡುತ್ತಾರೆ. ಗುಳಿಗೆ ಬಿಟ್ಟರೆ ಅದರಿಂದ ಬಂದದ್ದು 6ರಿಂದ 12 ತಿಂಗಳೊಳಗೆ ವಾಪಸ್ ಹೋಗುತ್ತದೆ. ಆಗ "ನಾಟಿ ಮಾಡಿದ್ದು ಉದುರಿತು" ಅಂತ ಕ್ಲಿನಿಕ್ಕಿನ ಮುಂದೆ ಜಗಳ. ಇನ್ನೂ ಒಂದು ಇದೆ. ತೆಳ್ಳಗಾದ ಕೂದಲಿನ ನಡುವೆ ತೂತು ಮಾಡಿ ನೆಡುವಾಗ ಪಕ್ಕದ ಬುಡಗಳಿಗೂ ಪೆಟ್ಟಾಗುತ್ತದೆ. ಶಸ್ತ್ರಚಿಕಿತ್ಸೆಯ ಆಘಾತಕ್ಕೆ ಸುತ್ತಲಿನ ಕೂದಲು ಉದುರುವುದೂ ಇದೆ. ಗಟ್ಟಿ ಬುಡ ಇದ್ದರೆ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ಸೊರಗಿದ ಬುಡ ಇದ್ದರೆ ಹೋದದ್ದು ಹೋದ ಹಾಗೆಯೇ. ಔಷಧದಿಂದ ಒಂದು ವರ್ಷ ಮೈ ತುಂಬಿಕೊಂಡ ಕೂದಲು ಆ ಪೆಟ್ಟನ್ನು ತಡೆದುಕೊಳ್ಳುವ ಸಂಭವ ಜಾಸ್ತಿ.

ಹಾಗಾದರೆ ಆ ಒಂದು ವರ್ಷ ಏನು ಮಾಡಬೇಕು? ಫೋಟೊ ತೆಗೆಯಿರಿ. ಇದನ್ನು ನಾನು ಬಹಳ ಒತ್ತಿ ಹೇಳುತ್ತೇನೆ. ಕನ್ನಡಿ ನಂಬಬೇಡಿ, ಗೆಳೆಯರ ಮಾತನ್ನೂ ನಂಬಬೇಡಿ. ಮನೆಯಲ್ಲಿ ಒಂದು ಗೋಡೆ ಗುರುತು ಮಾಡಿಕೊಳ್ಳಿ. ಅದೇ ಟ್ಯೂಬ್‌ಲೈಟ್, ಅದೇ ಹೊತ್ತು. ತಲೆ ಒಣಗಿರಲಿ, ಎಣ್ಣೆ ಬೇಡ. ಕೂದಲ ಉದ್ದ ಹೋದ ಸಲದಷ್ಟೇ ಇರಲಿ, ಕಟಿಂಗ್ ಮಾಡಿಸಿ ಇಷ್ಟು ದಿನಕ್ಕೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮುಂದೆ, ನೆತ್ತಿ, ಸುಳಿ, ಎರಡು ಮಗ್ಗುಲು. ಮೂರು ತಿಂಗಳಿಗೊಮ್ಮೆ ಸಾಕು. ದಿನಾ ತೆಗೆದರೆ ಹುಚ್ಚು ಹಿಡಿಯುತ್ತದೆ. ನನ್ನ ಹತ್ತಿರ ಬಂದರೆ ನಾನು ಸಣ್ಣ ಭೂತಗನ್ನಡಿಯಂಥ ಉಪಕರಣ ತಲೆಗೆ ಇಟ್ಟು ನೋಡುತ್ತೇನೆ. ಆರೋಗ್ಯದ ತಲೆಯಲ್ಲಿ ಎಳೆಗಳೆಲ್ಲ ಹೆಚ್ಚುಕಮ್ಮಿ ಒಂದೇ ದಪ್ಪ ಇರುತ್ತವೆ. ಬೋಳಾಗುವ ತಲೆಯಲ್ಲಿ ಹಗ್ಗದ ಪಕ್ಕ ನೂಲು, ನೂಲಿನ ಪಕ್ಕ ಧೂಳಿನಂಥ ಎಳೆ ಕಾಣುತ್ತವೆ. ಹಿಂದಲೆಯನ್ನೂ ನೋಡುತ್ತೇನೆ. ಅಲ್ಲೂ ನೂಲು ಕಂಡರೆ ನಾಟಿ ಬೇಡ ಅಂತಲೇ ಹೇಳುತ್ತೇನೆ, ಎಷ್ಟು ವರ್ಷ ಕಾದರೂ. ಮಡಿಯೇ ಸೊರಗಿದ್ದರೆ ಕಿತ್ತು ನೆಟ್ಟು ಏನು ಸಿಗುತ್ತದೆ?

ಬೋರ್ ನೀರಿನಿಂದ ಬೋಳಾಗುತ್ತದಾ ಅಂತ ಯಾರೋ ಚೀಟಿಯಲ್ಲಿ ಬರೆದು ಕಳಿಸಿದ್ದರು. ರಾಯಚೂರಿನಿಂದ ಬಳ್ಳಾರಿವರೆಗೆ ಎಲ್ಲ ಕಡೆ ಕೇಳುವ ಪ್ರಶ್ನೆ ಇದು. ಗಡಸು ನೀರಿನಿಂದ ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಮುರಿಯಲೂಬಹುದು. ಆದರೆ ಅದೇ ನೀರು ನಿಮ್ಮ ಹಿಂದಲೆಗೂ ಬೀಳುತ್ತದೆ. ಅಲ್ಲಿ ಯಾಕೆ ಬೋಳಾಗುವುದಿಲ್ಲ? ಹೆಲ್ಮೆಟ್‌ಗೂ ಇದೇ ಉತ್ತರ. ನೀರಿನ ಫಿಲ್ಟರಿಗೆ ದುಡ್ಡು ಹಾಕಿ ಎರಡು ವರ್ಷ ಕಳೆದವರನ್ನು ನೋಡಿದ್ದೇನೆ. ಆ ಎರಡು ವರ್ಷ ಔಷಧಕ್ಕೆ ಸಿಗಬೇಕಿತ್ತು. ತಿರುಪತಿಯಲ್ಲಿ ಮುಡಿ ಕೊಟ್ಟರೆ ದಪ್ಪ ಬರುತ್ತದಾ ಅಂತಲೂ ಕೇಳುತ್ತಾರೆ. ಹರಕೆ ಇದ್ದರೆ ಕೊಡಿ, ಬುಡಕ್ಕೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಈಗ ಮದುವೆಯ ವಿಷಯ. ಇದು ಬಂದೇ ಬರುತ್ತದೆ. ಈ ಕಡೆ ಗದ್ದೆ ಮಾಡುವ ಹುಡುಗರಿಗೆ ಹೆಣ್ಣು ಸಿಗುವುದೇ ಕಷ್ಟವಾಗಿದೆ, ಅದರ ಮೇಲೆ ಕೂದಲೂ ಹೋದರೆ ಅಂತ ಅಪ್ಪ ಅಮ್ಮ ಕಂಗಾಲಾಗುತ್ತಾರೆ. ಆ ಸಂಕಟವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ತಿಂಗಳ ಲೆಕ್ಕ ಹಾಕಿ ನೋಡಿ. ಮೇ ತಿಂಗಳಲ್ಲಿ ಮದುವೆ, ಫೆಬ್ರವರಿಯಲ್ಲಿ ನಾಟಿ ಮಾಡಿಸೋಣ ಅನ್ನುತ್ತಾರೆ. ನೆಟ್ಟ ಮೇಲೆ 7ರಿಂದ 10 ದಿನಕ್ಕೆ ಹೆಕ್ಕಳೆ ಉದುರುತ್ತದೆ. 2ರಿಂದ 6 ವಾರದೊಳಗೆ ನೆಟ್ಟ ಕೂದಲೇ ಉದುರುತ್ತದೆ. ಗಾಬರಿಯಾಗಬೇಡಿ, ಬುಡ ಒಳಗೆ ಇರುತ್ತದೆ. ಹೊಸದು ಕಾಣಲು ಶುರುವಾಗುವುದು 3, 4 ತಿಂಗಳಿಗೆ. ಪೂರ್ತಿ ಬರುವುದು ವರ್ಷಕ್ಕೆ, ಸುಳಿಗಾದರೆ ಒಂದೂವರೆ ವರ್ಷವೂ ಬೇಕಾಗಬಹುದು. ಅಂದರೆ ಮೇ ತಿಂಗಳ ಅಕ್ಷತೆಯ ಹೊತ್ತಿಗೆ ಹುಡುಗನ ತಲೆ ಮೊದಲಿಗಿಂತ ತೆಳ್ಳಗೆ ಕಾಣಬಹುದು. ಸಾಲ ಮಾಡಿ ಇದಕ್ಕೆ ಒಪ್ಪಿಕೊಳ್ಳಬೇಕಾ? ಅದರ ಬದಲು ಗುಳಿಗೆ, ದ್ರಾವಣ ಬಿಡದೆ ತಗೊಂಡು ಒಳ್ಳೆ ಕಟಿಂಗ್ ಮಾಡಿಸಿದರೆ ಮದುವೆಯ ಫೋಟೊಗಳಲ್ಲಿ ಚೆನ್ನಾಗಿ ಕಾಣುತ್ತಾನೆ. ಹೆಣ್ಣಿನ ಕಡೆಯವರಿಂದ ಮುಚ್ಚಿಡಲೂ ಬೇಡಿ. ಮದುವೆ ಆದ ಮೇಲೆ ಮನೆಯಲ್ಲಿ ಗರ್ಭಿಣಿ ಇದ್ದರೆ ಪುಡಿಯಾದ, ಮುರಿದ ಫಿನಾಸ್ಟರೈಡ್ ಗುಳಿಗೆಯನ್ನು ಅವರು ಮುಟ್ಟಬಾರದು, ಹೊಟ್ಟೆಯಲ್ಲಿರುವ ಗಂಡು ಮಗುವಿಗೆ ಅಪಾಯ. ಮಗುವಿಗಾಗಿ ಪ್ರಯತ್ನ ಮಾಡುವಾಗ ಗುಳಿಗೆಯ ವಿಷಯ ಡಾಕ್ಟರಿಗೆ ತಿಳಿಸಿ. ಗುಳಿಗೆ ತಗೊಳ್ಳುವವರು ರಕ್ತದಾನ ಮಾಡುವುದಾದರೆ ಗುಳಿಗೆ ಬಿಟ್ಟು ಒಂದು ತಿಂಗಳು ಆಗಿರಬೇಕು. 50 ದಾಟಿದವರು ಪ್ರಾಸ್ಟೇಟ್ ತೊಂದರೆ ನೋಡುವ ಪಿಎಸ್ಎ ರಕ್ತಪರೀಕ್ಷೆ ಮಾಡಿಸುವಾಗ ಈ ಗುಳಿಗೆಯ ವಿಷಯ ಹೇಳಲೇಬೇಕು, ಅದು ಆ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುತ್ತದೆ.

ಎಲ್ಲರೂ ವರ್ಷ ಕಾಯಲೇಬೇಕು ಅಂತಲ್ಲ. 50ರ ಆಸುಪಾಸಿನವರು, ಹತ್ತು ವರ್ಷದಿಂದ ತಲೆ ಹಾಗೆಯೇ ಇದೆ, ಹಿಂದಲೆ ದಟ್ಟವಾಗಿದೆ ಅಂದರೆ ಗೇಟು ತಾನಾಗಿಯೇ ನಿಂತಿದೆ. ಸುಟ್ಟ ಗಾಯದ ಕಲೆಗೆ ನೆಡುವುದು ಬೇರೆ ವಿಷಯ. 25ರ ಒಳಗಿನವರಿಗೆ ಮಾತ್ರ ನಾನು ವರ್ಷಕ್ಕಿಂತ ಜಾಸ್ತಿಯೇ ಕಾಯಿಸುತ್ತೇನೆ. ಅವರ ತಲೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಮಗಳ ಬಗ್ಗೆ ಕೇಳಿದರು. ಟೈಫಾಯ್ಡ್ ಆಗಿ ಮೂರು ತಿಂಗಳಿಗೆ ಹಿಡಿ ಹಿಡಿ ಕೂದಲು ಬರುತ್ತಿದೆಯಂತೆ. ಜ್ವರ, ಡೆಂಗಿ, ಬಾಣಂತನ, ಊಟ ಬಿಟ್ಟು ತೂಕ ಇಳಿಸುವುದು, ಇವೆಲ್ಲ ಆಗಿ ಎರಡು ಮೂರು ತಿಂಗಳಿಗೆ ಹೀಗೆ ಉದುರುತ್ತದೆ. ತಾನಾಗಿ ವಾಪಸ್ ಬರುತ್ತದೆ. ರಕ್ತದ ಕಬ್ಬಿಣದಂಶ, ಥೈರಾಯ್ಡ್ ನೋಡಿಸಿ. ಅದಕ್ಕೆ ನಾಟಿಯ ಮಾತೇ ಬೇಡ, ಫಿನಾಸ್ಟರೈಡ್ ಅಂತೂ ಬೇಡವೇ ಬೇಡ.

ಕೊನೆಗೆ, ಯಾರ ಕೈಗೆ ತಲೆ ಕೊಡಬೇಕು? 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕೂದಲು ಕಸಿ ಮಾಡುವವರು ಅದಕ್ಕೆ ಬೇಕಾದ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದ ವೈದ್ಯರಾಗಿರಬೇಕು, ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬ್‌ನಲ್ಲಿ ನೋಡಿದ್ದು ತರಬೇತಿ ಅಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಯಾಕೆ ಹೇಳಬೇಕಾಯಿತು ಅಂದರೆ, ನಾಟಿ ಮಾಡಿಸಲು ಹೋಗಿ ಜೀವ ಕಳೆದುಕೊಂಡವರು ಈ ದೇಶದಲ್ಲಿ ಇದ್ದಾರೆ. ಆರೆಂಟು ಗಂಟೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುವ ಕೆಲಸ ಇದು. ಗೆರೆ ಎಳೆಯುವವರು ಯಾರು, ತೂತು ಮಾಡುವವರು ಯಾರು, ಅವತ್ತು ಡಾಕ್ಟರು ಎಷ್ಟು ಹೊತ್ತು ಕೋಣೆಯಲ್ಲಿ ಇರುತ್ತಾರೆ, ಏನಾದರೂ ಆದರೆ ಹತ್ತಿರದ ಆಸ್ಪತ್ರೆ ಯಾವುದು ಅಂತ ಕೇಳಿ. "ಎಷ್ಟು ಬೇಕಾದರೂ ಗ್ರಾಫ್ಟ್, ಒಂದೇ ರೇಟು" ಅಂದರೆ ಎದ್ದು ಬನ್ನಿ. ನಿಮ್ಮ ಮಡಿ ಖಾಲಿ ಮಾಡಿ ಅವರಿಗೆ ಏನಾಗಬೇಕಿದೆ? "ಗುಳಿಗೆ ಎಷ್ಟು ದಿನದಿಂದ ತಗೊಳ್ತಿದ್ದೀರಿ?" ಅಂತ ಅವರೇ ಮೊದಲು ಕೇಳಿದರೆ ಕೂತು ಮಾತಾಡಿ. ನಾಟಿ ಹತ್ತಿರ ಬಂದಾಗ ದ್ರಾವಣ ಯಾವ ದಿನ ನಿಲ್ಲಿಸಬೇಕು, ಮತ್ತೆ ಯಾವಾಗ ಹಚ್ಚಬೇಕು ಅಂತ ಅವರು ಹೇಳುತ್ತಾರೆ. ಗುಳಿಗೆಯನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ನಮ್ಮ ಬೇಸಿಗೆಯ ಬಿಸಿಲು ನಿಮಗೆ ಗೊತ್ತೇ ಇದೆ. ನೆಟ್ಟ ತಲೆಗೆ ಮೊದಲ ವಾರಗಳಲ್ಲಿ ಬಿಸಿಲು, ಬೆವರು, ಗಣಿ ಧೂಳು ಯಾವುದೂ ಒಳ್ಳೆಯದಲ್ಲ. ಆಯ್ಕೆ ಇದ್ದರೆ ಚಳಿಗಾಲ ನೋಡಿಕೊಳ್ಳಿ.

ಮಾತು ಮುಗಿದು ಮೈಕ್ ತೆಗೆದ ಮೇಲೆ ಕಾರಟಗಿಯ ಹುಡುಗ ಅಪ್ಪನ ಜೊತೆ ಹತ್ತಿರ ಬಂದ. ಅವನು ಬಂದಿರುತ್ತಾನೆ ಅಂತ ನನಗೆ ಗೊತ್ತಿರಲಿಲ್ಲ. "ಸರ, ನಾನು ಒಂದ ಫೋಟೊನೂ ತಕ್ಕೊಂಡಿಲ್ರೀ" ಅಂದ. ಸಭಾಂಗಣದ ಬಿಳಿ ಗೋಡೆಗೆ ನಿಲ್ಲಿಸಿದೆವು. ಕಟ್ಟೆಯ ಮೇಲೆ ಸಿಕ್ಕಿದ್ದ ಅಕ್ಕ ಅಲ್ಲೇ ಇದ್ದರು. ಅವನ ತಲೆ ಬಗ್ಗಿಸಿ, ಸುಳಿಯ ಹತ್ತಿರ ಬೆರಳಿನಿಂದ ಕೂದಲು ಬಿಡಿಸಿ ನೋಡಿದರು. "ಇಲ್ಲಿ ಸಣ್ಣು ಹೊಸಾವು ಬಂದಾವು ನೋಡ್ರಿ" ಅಂದರು. ನಾನು ಬಗ್ಗಿ ನೋಡಿದೆ. ಬಂದಿದ್ದವು, ಅರ್ಧ ಇಂಚಿನವು, ಕಪ್ಪಗೆ, ನೆಟ್ಟಗೆ. ಅಪ್ಪ ಮೊಬೈಲಿನಲ್ಲಿ ಐದು ಫೋಟೊ ತೆಗೆದರು. ಹುಡುಗ ತಾರೀಖು ಬರೆದುಕೊಂಡ. ಮುಂದಿನದು ಮೂರು ತಿಂಗಳಿಗೆ, ಮನೆಯ ಗೋಡೆಗೆ.